ಕೊಲೆಗೆ ಕರತಾಡನವೆ?

2024ನೆಯ ಇಸವಿ ಡಿಸೆಂಬರ್ 4ರ ಬೆಳಗಿನಲ್ಲಿ, ಅಮೇರಿಕೆಯ ನ್ಯೂಯಾರ್ಕ್ ನಗರದ ಹಿಲ್ಟನ್ ಹೋಟೆಲಿನ ಹೊರಗೆ, ಬ್ರಾಯನ್ ಥಾಂಪ್ಸನ್ ಎಂಬ 50 ವರ್ಷದ ಗೃಹಸ್ಥರನ್ನು ಮುಸುಕು ಹಾಕಿಕೊಂಡಿದ್ದವನೊಬ್ಬನು ಹಿಂದಿನಿಂದ ಬಂದು ಗುಂಡಿಕ್ಕಿ ಕೊಂದನು. ಥಾಂಪ್ಸನ್ನರು ಆ ದೇಶದ ಅತಿ ದೊಡ್ಡ ಖಾಸಗಿ ಆರೋಗ್ಯ ವಿಮಾ ಸಂಸ್ಥೆಯಾದ ಯುನೈಟೆಡ್‌ಹೆಲ್ತ್‌ಕೇರ್ ಕಂಪನಿಯ ಮುಖ್ಯಾಧಿಕಾರಿಗಳಾಗಿದ್ದರು. ಹೂಡಿಕೆದಾರರ ಸಭೆಗೆಂದು ನಡೆದು ಹೋಗುತ್ತಿದ್ದರು. ಸ್ಥಳದಲ್ಲಿ ದೊರೆತ ತೋಟೆಗಳ ಮೇಲೆ ಮೂರು ಶಬ್ದಗಳನ್ನು ಬರೆಯಲಾಗಿತ್ತು. ವಿಳಂಬಿಸು, ನಿರಾಕರಿಸು, ಪದಚ್ಯುತಗೊಳಿಸು ಎಂದು ಅವುಗಳ ಅರ್ಥ. ಇವುಗಳಲ್ಲಿ ಮೊದಲಿನೆರಡು, ಹಣ ಕೊಡುವ ಕಾಲ ಬಂದಾಗ ವಿಮಾ ಕಂಪನಿಗಳು ನಡೆದುಕೊಳ್ಳುವ ಬಗೆಯನ್ನು ಕುರಿತು ಅಮೇರಿಕದ ಜನ ಬಹುಕಾಲದಿಂದ ಆಡಿಕೊಳ್ಳುತ್ತ ಬಂದ ಮಾತುಗಳೇ ಆಗಿವೆ.

ಕೊಲೆಗಳು ಆ ದೇಶಕ್ಕೆ ಹೊಸತಲ್ಲ. ಹೊಸತಾದುದು, ಈ ಕೊಲೆಯ ವಾರ್ತೆಯನ್ನು ಜನರು ಬರಮಾಡಿಕೊಂಡ ರೀತಿ. ಕಂಪನಿಯು ಹೊರಡಿಸಿದ ಶೋಕಪ್ರಕಟಣೆಗೆ ಹತ್ತಾರು ಸಾವಿರ ಜನ ಜಾಲತಾಣದಲ್ಲಿ ನಗೆಯ ಚಿಹ್ನೆಯನ್ನು ಒತ್ತಿ ಉತ್ತರ ಕೊಟ್ಟರು. ನಮ್ಮ ಸಂತಾಪ ಬೇಕಾದರೆ ಮೊದಲು ಕಂಪನಿಯಿಂದ ಪೂರ್ವಾನುಮತಿ ತರಬೇಕು ಎಂಬ ಕುಹಕ ಊರೂರು ಸುತ್ತಿತು. ಅದೇ ತಿಂಗಳಿನಲ್ಲಿ ಎಮರ್ಸನ್ ಕಾಲೇಜಿನವರು ನಡೆಸಿದ ಮತಸಂಗ್ರಹದಲ್ಲಿ ನೂರಕ್ಕೆ 68 ಮಂದಿ ಈ ಕೃತ್ಯವು ಒಪ್ಪತಕ್ಕದ್ದಲ್ಲವೆಂದರು, ನಿಜ. ಆದರೆ 18ರಿಂದ 29 ವರ್ಷದೊಳಗಿನ ತರುಣರಲ್ಲಿ ನೂರಕ್ಕೆ 41 ಮಂದಿ ಒಪ್ಪಬಹುದಾದುದೆಂದೇ ಹೇಳಿದರು. ಐದು ದಿನಗಳ ತರುವಾಯ ಸೆರೆಸಿಕ್ಕ ಆರೋಪಿಯ ವಕಾಲತಿಗೆಂದು ಜನರು ಹಣ ಕೂಡಿಸಿದರು. ಆತನು ತಾನು ನಿರ್ದೋಷಿಯೆಂದು ನ್ಯಾಯಾಲಯದಲ್ಲಿ ಹೇಳಿದ್ದಾನೆ. ಆತನ ತಪ್ಪು ಒಪ್ಪುಗಳನ್ನು ನಿರ್ಣಯಿಸುವುದು ಆ ನ್ಯಾಯಾಲಯದ ಕೆಲಸ, ನಮ್ಮದಲ್ಲ. ನಮ್ಮ ವಿಚಾರಕ್ಕೆ ವಿಷಯವಾದುದು ಆ ನಗೆ.

ಸಮುದ್ರದಾಚೆಯ ಈ ವಾರ್ತೆಯನ್ನು ಹಾವೇರಿ ಜಿಲ್ಲೆಯ ವಾಚಕರ ಮುಂದಿಟ್ಟು ಚರ್ಚಿಸುವ ಪ್ರಯೋಜನವೇನೆಂದು ಕೆಲವರು ಕೇಳಬಹುದು. ಅಂಥ ಮಹನೀಯರು ಅದೇ ವರ್ಷ ಮಾರ್ಚ್ 11ನೆಯ ಸೋಮವಾರ ಬ್ಯಾಡಗಿಯ ಮಾರುಕಟ್ಟೆಯಲ್ಲಿ ನಡೆದುದನ್ನು ಸ್ಮರಣೆಗೆ ತಂದುಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ. ಅಂದು ಒಣಮೆಣಸಿನಕಾಯಿಯ ದರ ಏಕಾಏಕಿ ಕುಸಿಯಿತು. ನಮ್ಮ ಜಿಲ್ಲೆಯಿಂದಲೂ ಬಳ್ಳಾರಿಯ ಕಡೆಯಿಂದಲೂ ಆಂಧ್ರದ ಸೀಮೆಯಿಂದಲೂ ಲಾರಿಗಳಲ್ಲಿ ಚೀಲ ಹೇರಿಕೊಂಡು ಬಂದು, ಬಾಡಿಗೆ ಹಮಾಲಿಗಳನ್ನು ಕೈಯಿಂದ ತೆತ್ತು, ರಾತ್ರಿಯೆಲ್ಲ ಚೀಲಗಳ ಮೇಲೆಯೇ ಮಲಗಿದ್ದ ರೈತರು ಸಿಟ್ಟಿಗೆದ್ದರು. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೆ ಬೆಂಕಿ ಬಿದ್ದಿತು. ಆವರಣದಲ್ಲಿದ್ದ ವಾಹನಗಳು ಉರಿದವು. ಉರಿಯನ್ನು ಆರಿಸಲು ಬಂದ ಅಗ್ನಿಶಾಮಕ ವಾಹನಕ್ಕೂ ಕಲ್ಲು ಬಿದ್ದವು. ದೈವವಶಾತ್ ಯಾರ ಪ್ರಾಣವೂ ಹೋಗಲಿಲ್ಲ. ಆಮೇಲೆ ಪೊಲೀಸರು ಬಂದರು, ಹತ್ತಾರು ಜನರನ್ನು ಹಿಡಿದರು. ಕೆಲವು ದಿನಗಳಲ್ಲಿ ತೂಕ ಲಿಲಾವುಗಳು ಎಂದಿನಂತೆ ಸಾಗಿದವು.

ಆ ಬೆಂಕಿಯ ವಿಷಯದಲ್ಲಿ ಬ್ಯಾಡಗಿ, ರಾಣೆಬೆನ್ನೂರು, ಹಾವೇರಿಗಳ ಸುಶಿಕ್ಷಿತ ಸಮಾಜದಲ್ಲಿ ನಡೆದ ಮಾತುಗಳನ್ನು ನಾವು ಲಕ್ಷ್ಯವಿಟ್ಟು ಕೇಳಿದ್ದೇವೆ. ಹೊರಗಿನಿಂದ ಬಂದವರ ಪುಂಡಾಟವಿದು, ನಮ್ಮವರು ಹೀಗೆ ಮಾಡುವವರಲ್ಲ ಎಂದು ಕೈತೊಳೆದುಕೊಂಡವರು ಒಂದು ಕಡೆ. ಆಗಲೇಬೇಕಿತ್ತು, ಇನ್ನಾದರೂ ಇವರಿಗೆ ಬುದ್ಧಿ ಬಂದೀತು ಎಂದು ಒಳಗೊಳಗೇ ಹಿಗ್ಗಿದವರು ಇನ್ನೊಂದು ಕಡೆ. ಈ ಎರಡನೆಯವರ ಹಿಗ್ಗು ನ್ಯೂಯಾರ್ಕಿನ ನಗೆಯ ತಮ್ಮನೇ ಹೊರತು ಬೇರೆಯಲ್ಲ. ಹೀಗೆ ಹಿಗ್ಗಿದವರಲ್ಲಿ ಬಹುಮಂದಿ ಒಂದು ಚೀಲ ಮೆಣಸಿನಕಾಯಿಯನ್ನು ಎಂದೂ ಬೆಳೆದವರಲ್ಲ, ಮಾರಿದವರೂ ಅಲ್ಲ. ಅವರೆಲ್ಲರೂ ಎಂದಾದರೊಮ್ಮೆ ಯಾವುದಾದರೊಂದು ಕಚೇರಿಯ ಕಿಟಕಿಯ ಮುಂದೆ ನಿಂತು ಉತ್ತರವಿಲ್ಲದೆ ಮರಳಿದವರು. ಯಾವ ಕಚೇರಿ ಸುಟ್ಟರೂ ಅವರಿಗೆ ತಮ್ಮದೇ ಒಂದು ಹಳೆಯ ಲೆಕ್ಕ ತೀರಿದಂತೆ ತೋರಿತು.

ಸುಟ್ಟ ಕಚೇರಿಯ ಸಂಗತಿಯನ್ನಾದರೂ ಸ್ವಲ್ಪ ವಿಚಾರಿಸೋಣ. ಮಾರುಕಟ್ಟೆ ಸಮಿತಿಯು ಒಂದು ಕಾಳು ಮೆಣಸಿನಕಾಯಿಯನ್ನೂ ಕೊಳ್ಳುವುದಿಲ್ಲ. ಟೆಂಡರು ನಡೆಸುವುದು, ತೂಕ ನೋಡುವುದು, ಶುಲ್ಕ ತೆಗೆದುಕೊಳ್ಳುವುದು ಅದರ ಕೆಲಸ. ದರ ಬರೆಯುವವರು ಖರೀದಿದಾರರು. ಅವರ ಹಿಂದೆ ಶೀತಲಗೃಹಗಳಲ್ಲಿ ಉಳಿದ ಹಳೆಯ ದಾಸ್ತಾನು, ಮಸಾಲೆಯ ಕಾರಖಾನೆಗಳ ಬೇಡಿಕೆ, ಪರದೇಶಗಳ ಪೇಟೆ ಇವೆಲ್ಲ ಇವೆ. ಇವುಗಳಲ್ಲಿ ಯಾವುದೂ ಬ್ಯಾಡಗಿಯ ಆ ಕಟ್ಟಡದೊಳಗೆ ಇರಲಿಲ್ಲ. ಆದರೆ ರೈತನ ಕಣ್ಣಿಗೆ ಕಾಣುತ್ತಿದ್ದ ಫಲಕ ಅದೊಂದೇ; ಆದುದರಿಂದ ಬೆಂಕಿ ಅದಕ್ಕೇ ಬಿದ್ದಿತು. ನ್ಯೂಯಾರ್ಕಿನಲ್ಲಿ ನಡೆದುದೂ ಇಂಥದೇ. ಕೋಟಿಗಟ್ಟಲೆ ಜನರ ಚಿಕಿತ್ಸೆಯ ಹಣವನ್ನು ಕೊಡಬೇಕೋ ಬೇಡವೋ ಎಂದು ಗೊತ್ತುಪಡಿಸುವುದು ಒಂದು ಮಹಾಯಂತ್ರ. ಅದರಲ್ಲಿ ಲಾಭವನ್ನು ಹಂಚಿಕೊಳ್ಳುವ ಷೇರುದಾರರಿದ್ದಾರೆ, ಕಾನೂನು ಮಾಡಿದ ಶಾಸನಸಭೆಯಿದೆ, ಬಿಲ್ಲು ಏರಿಸುವ ಆಸ್ಪತ್ರೆಗಳೂ ಔಷಧದ ಕಂಪನಿಗಳೂ ಇವೆ. ಯಂತ್ರಕ್ಕೆ ಮುಖವಿಲ್ಲವಾದುದರಿಂದ ಒಬ್ಬ ಮನುಷ್ಯನ ಮುಖವನ್ನು ಅದಕ್ಕೆ ತೊಡಿಸಿ ಗುರಿಯಿಡಲಾಯಿತು. 2025ರ ಜನವರಿಯಲ್ಲಿಯೇ ಆ ಕುರ್ಚಿಗೆ ಮತ್ತೊಬ್ಬರ ನೇಮಕವಾಯಿತು. ಹಿಡಿಯಲ್ಪಟ್ಟ ತರುಣನು ತಮ್ಮ ಪಾಲಿಸಿದಾರನೇ ಆಗಿರಲಿಲ್ಲವೆಂದು ಕಂಪನಿಯು ಪ್ರಕಟಿಸಿದೆ.

ಹಾಗಾದರೆ ಜನರ ಸಿಟ್ಟು ಸುಳ್ಳೆ? ಎಷ್ಟುಮಾತ್ರಕ್ಕೂ ಅಲ್ಲ. ಅದು ಸುಳ್ಳೆಂದು ಹೇಳುವ ಅಧಿಕಾರಿಯು ಒಂದು ದಿನ ತಾನೇ ಒಂದು ಕ್ಲೇಮಿನ ಅರ್ಜಿಯನ್ನು ತುಂಬಿ ನೋಡಬೇಕು.

ಆರೋಗ್ಯ ವಿಮೆಯು ಈಗ ಮುಂಬಯಿ ಬೆಂಗಳೂರುಗಳ ಶ್ರೀಮಂತರ ಮಾತಾಗಿ ಉಳಿದಿಲ್ಲ. ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೂ, ಶಾಲಾಮಾಸ್ತರನೂ, ನಿವೃತ್ತ ಗುಮಾಸ್ತನೂ ವರ್ಷಕ್ಕೆ ಹತ್ತಿಪ್ಪತ್ತು ಸಾವಿರ ರೂಪಾಯಿ ಕಟ್ಟಿ ಪಾಲಿಸಿ ಇಟ್ಟುಕೊಂಡಿದ್ದಾರೆ. ವಿಮಾ ನಿಯಂತ್ರಣ ಪ್ರಾಧಿಕಾರದ 2023-24ನೆಯ ಸಾಲಿನ ವರದಿಯ ಪ್ರಕಾರ, ಆ ವರ್ಷ ಆರೋಗ್ಯ ವಿಮೆಯ ಕ್ಲೇಮುಗಳಲ್ಲಿ ಕಂಪನಿಗಳು ಅಲ್ಲಗಳೆದ ಮೊತ್ತ ಸುಮಾರು 15,100 ಕೋಟಿ ರೂಪಾಯಿ; ಕೇಳಲಾದ ಹಣದಲ್ಲಿ ನೂರಕ್ಕೆ ಸುಮಾರು 13 ಪಾಲು. ಇದೆಲ್ಲವೂ ಅನ್ಯಾಯವೇ ಎಂದು ನಾವು ಹೇಳುವುದಿಲ್ಲ. ಇಲ್ಲದ ರೋಗಕ್ಕೆ ಬಿಲ್ಲು ಬರೆಯುವ ದವಾಖಾನೆಗಳೂ, ಇದ್ದ ರೋಗವನ್ನು ಬಚ್ಚಿಟ್ಟು ಪಾಲಿಸಿ ಕೊಳ್ಳುವ ಜಾಣರೂ ನಮ್ಮಲ್ಲಿ ಸಾಕಷ್ಟಿದ್ದಾರೆ. ಅವರ ಹಣ ಹೋಗುವುದು ಪ್ರಾಮಾಣಿಕನ ಕಂತಿನಿಂದಲೇ. ಆದರೆ ನಿರಾಕರಣೆ ಬರುವ ರೀತಿಯನ್ನು ನೋಡಿರಿ. ದವಾಖಾನೆಯ ಮೂರನೆಯ ಮಹಡಿಯಲ್ಲಿ ತಾಯಿಯ ಶಸ್ತ್ರಚಿಕಿತ್ಸೆ ಮುಗಿದಿರುತ್ತದೆ. ಕೆಳಗೆ ಕೌಂಟರಿನಲ್ಲಿ ಮಗನು ಕಂಪನಿಯ ಉತ್ತರಕ್ಕಾಗಿ ಸಂಜೆಯವರೆಗೆ ನಿಂತಿರುತ್ತಾನೆ. ಕೊನೆಗೆ ದೂರವಾಣಿಯಲ್ಲಿ ಒಂದು ಸಾಲು ಬರುತ್ತದೆ. ಪಾಲಿಸಿಯ ಇಷ್ಟನೆಯ ಕಲಮಿನ ಪ್ರಕಾರ ಮಂಜೂರಾಗಲಿಲ್ಲ. ಕಳಿಸಿದವರ ಹೆಸರಿಲ್ಲ. ಮರಳಿ ಕರೆದರೆ ಒಂದನ್ನು ಒತ್ತಿರಿ, ಎರಡನ್ನು ಒತ್ತಿರಿ ಎಂದು ಯಂತ್ರ ಹೇಳುತ್ತದೆ. ಮಗನು ಹೆಂಡತಿಯ ಬಳೆಗಳನ್ನು ಒತ್ತೆಯಿಡಲು ಪೇಟೆಗೆ ಹೋಗುತ್ತಾನೆ.

ಹಳ್ಳಿಯ ಕಡೆಗೆ ಬನ್ನಿರಿ. ಮೇಡ್ಲೇರಿಯ ರೈತನಿಗೆ ವಿಮೆಯೆಂದರೆ ಮೊದಲು ನೆನಪಾಗುವುದು ದೇಹದ ವಿಮೆಯಲ್ಲ, ಬೆಳೆಯ ವಿಮೆ. 2016ರಿಂದ ನಡೆದಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಧಾನ್ಯ ಮತ್ತು ಎಣ್ಣೆಕಾಳಿನ ಬೆಳೆಗಳಿಗೆ ವಿಮಾ ಮೊತ್ತದ ನೂರಕ್ಕೆ 2 ಪಾಲನ್ನು, ಹತ್ತಿಯಂಥ ವಾಣಿಜ್ಯ ಬೆಳೆಗಳಿಗೂ ತೋಟಗಾರಿಕೆಯ ಬೆಳೆಗಳಿಗೂ 5 ಪಾಲನ್ನು ಆತನು ಕಟ್ಟುತ್ತಾನೆ; ಉಳಿದ ಕಂತನ್ನು ಕೇಂದ್ರ ರಾಜ್ಯ ಸರಕಾರಗಳು ತೆರುತ್ತವೆ. ಯೋಜನೆ ಒಳ್ಳೆಯದು, ಅದನ್ನು ಹೀಗಳೆಯುವವರ ಪಂಕ್ತಿಯಲ್ಲಿ ನಾವಿಲ್ಲ. ಆದರೆ ಮುಖ್ಯ ಬೆಳೆಗಳಿಗೆ ನಷ್ಟವನ್ನು ಎಣಿಸುವುದು ಅವನ ಹೊಲದಿಂದಲ್ಲ, ಗ್ರಾಮ ಪಂಚಾಯತಿಯ ಸರಾಸರಿಯಿಂದ. ಪಂಚಾಯತಿಯಲ್ಲಿ ಆರಿಸಿದ ಕೆಲವೇ ಹೊಲಗಳಲ್ಲಿ ಬೆಳೆ ಕೊಯ್ದು ತೂಗಿ, ಹಿಂದಿನ ಏಳು ವರ್ಷಗಳೊಳಗೆ ಒಳ್ಳೆಯ ಐದು ವರ್ಷಗಳ ಇಳುವರಿಯೊಡನೆ ಅದನ್ನು ಹೋಲಿಸುತ್ತಾರೆ. ಆಲಿಕಲ್ಲೋ ನೆರೆಯೋ ಒಂದೇ ಹೊಲವನ್ನು ಹಾಳುಮಾಡಿದರೆ 72 ತಾಸುಗಳೊಳಗೆ ಸುದ್ದಿ ಕೊಡತಕ್ಕದ್ದು. ತನ್ನ ಗೋವಿನಜೋಳ ಪೂರ್ತಿ ಒಣಗಿದರೂ ತನಗೇಕೆ ಒಂದು ರೂಪಾಯಿಯೂ ಬರಲಿಲ್ಲ, ಪಕ್ಕದ ಪಂಚಾಯತಿಯವನಿಗೇಕೆ ಬಂದಿತು ಎಂದು ಕೇಳುವ ರೈತನಿಗೆ ಇಷ್ಟನ್ನು ತಿಳಿಸಿ ಹೇಳುವವರು ಯಾರು? ಬ್ಯಾಂಕಿನವರು ಕೃಷಿ ಇಲಾಖೆಯನ್ನು ತೋರಿಸುತ್ತಾರೆ. ಕೃಷಿ ಇಲಾಖೆಯವರು ಕಂಪನಿಯನ್ನು ತೋರಿಸುತ್ತಾರೆ. ಕಂಪನಿಯ ಪ್ರತಿನಿಧಿಯೆಂಬವನು ಕಳೆದ ಹಂಗಾಮಿನಲ್ಲಿ ಇದ್ದವನಲ್ಲ, ಈ ಹಂಗಾಮಿಗೆ ಕಂಪನಿಯೇ ಬೇರೆಯಾಗಿರುವುದೂ ಉಂಟು. ಲೆಕ್ಕದಲ್ಲಿ ಮೋಸ ನಡೆದಿರಲಿಕ್ಕಿಲ್ಲ. ಆದರೆ ಲೆಕ್ಕವನ್ನೇ ಕಾಣದವನಿಗೆ ನ್ಯಾಯಕ್ಕೂ ಮೋಸಕ್ಕೂ ಏನು ಭೇದ ತೋರಬೇಕು?

ನಗೆಯ ಮೂಲ ಇಲ್ಲಿದೆ. ಮನುಷ್ಯನು ನಷ್ಟವನ್ನು ಸಹಿಸುತ್ತಾನೆ. ಮಳೆಯನ್ನು ನಂಬಿದ ನಮ್ಮ ಸೀಮೆಯ ಒಕ್ಕಲಿಗರಷ್ಟು ಅದನ್ನು ಸಹಿಸಿದವರು ಯಾರಿದ್ದಾರೆ? ಅವನಿಗೆ ಸಹಿಸಲಾಗದಿರುವುದು, ತನ್ನ ಮುಖವನ್ನು ನೋಡಿ ಇಲ್ಲವೆಂದು ಹೇಳುವ ಒಬ್ಬ ಮನುಷ್ಯನೂ ದೊರೆಯದಿರುವುದು. ಇಂಥವನಿಗೆ, ಆ ಮುಖವಿಲ್ಲದ ಮನೆಯಲ್ಲಿ ಇಂದು ಸಾವಾಯಿತಂತೆ, ಬೆಂಕಿ ಬಿತ್ತಂತೆ ಎಂಬ ಸುದ್ದಿ ಬಂದಾಗ, ಸತ್ತವನೂ ಒಬ್ಬ ತಂದೆಯೆಂಬ ಎಣಿಕೆ ಮನಸ್ಸಿಗೆ ಬರುವ ಮೊದಲೇ ತುಟಿಯ ಮೇಲೆ ನಗೆ ಬಂದುಬಿಡುತ್ತದೆ.

ಈ ನಗೆಯನ್ನು ನಾವು ಅರ್ಥಮಾಡಿಕೊಳ್ಳಬಲ್ಲೆವು, ಸಮರ್ಥಿಸಲಾರೆವು. ಕಾಗದದ ಮೇಲೆ ಬರೆದು ಕೊಲ್ಲುವುದು ಕೊಲೆಯಲ್ಲವೆ ಎಂಬ ಪ್ರಶ್ನೆಯನ್ನು ತರುಣರು ಮುಂದೊಡ್ಡುತ್ತಾರೆ. ಆ ಪ್ರಶ್ನೆಯಲ್ಲಿ ಸತ್ಯಾಂಶವಿದೆಯೆಂದು ಒಪ್ಪುತ್ತೇವೆ. ಕೊಡಬೇಕಾದ ಹಣವನ್ನು ತಡೆದು ರೋಗಿಯ ಆಯುಷ್ಯವನ್ನು ಕಡಿಮೆ ಮಾಡಿದವನ ಕೈ ಶುದ್ಧವಾದುದಲ್ಲ, ಅವನು ಎಂದೂ ಬಂದೂಕು ಮುಟ್ಟದಿದ್ದರೂ ಸರಿ. ಆದರೆ ಕಾಗದದ ನಿರ್ಣಯವನ್ನು ಪ್ರಶ್ನಿಸಬಹುದು, ಮೇಲಿನ ಕಚೇರಿಗೆ ಒಯ್ಯಬಹುದು, ತಿದ್ದಿಸಬಹುದು. ತಪ್ಪು ಮಾಡಿದವನ ಹೆಸರನ್ನು ಹಿಡಿದು ಲೋಕದ ಮುಂದೆ ನಿಲ್ಲಿಸಬಹುದು. ಗುಂಡಿನ ಮೇಲೆ ಅಪೀಲಿಲ್ಲ. ಮೇಲಾಗಿ ಯಾರು ಸಾಯತಕ್ಕವರೆಂಬ ನಿರ್ಣಯವನ್ನು ಒಬ್ಬ ಮುಸುಕುಧಾರಿಗೆ ಬಿಟ್ಟುಕೊಟ್ಟ ಜನ, ನಾಳೆ ಅವನ ಆಯ್ಕೆ ತಮಗೆ ಹಿತವಾಗದಿದ್ದಾಗ ಏನೆಂದು ಆಕ್ಷೇಪಿಸುವರು? ಬ್ಯಾಡಗಿಯಲ್ಲಿ ಆ ದಿನ ಕಚೇರಿಯೊಳಗಿನ ಒಬ್ಬ ಜವಾನನು ಹೊಗೆಯಲ್ಲಿ ಸಿಕ್ಕಿ ಸತ್ತಿದ್ದರೆ, ಹಿಗ್ಗಿದವರಲ್ಲಿ ಎಷ್ಟು ಮಂದಿ ಅವನ ಮನೆಗೆ ಹೋಗಿ ತಮ್ಮ ಹಿಗ್ಗಿನ ಕಾರಣವನ್ನು ಹೇಳಬಲ್ಲವರಾಗಿದ್ದರು?

ಇಲ್ಲಿ ಎದುರು ಪಕ್ಷದವರ ಬಲವಾದ ಮಾತೊಂದನ್ನು ಮರೆಮಾಚುವುದು ಸರಿಯಲ್ಲ. ಥಾಂಪ್ಸನ್ನರ ಕೊಲೆಯಾದ ಮರುದಿನವೇ, ಅಂದರೆ ಡಿಸೆಂಬರ್ 5ರಂದು, ಆಂಥಮ್ ಎಂಬ ಇನ್ನೊಂದು ವಿಮಾ ಕಂಪನಿಯು ಶಸ್ತ್ರಚಿಕಿತ್ಸೆಯ ಕಾಲದ ಅರಿವಳಿಕೆಗೆ ಇಂತಿಷ್ಟೇ ಹೊತ್ತಿನ ಹಣವೆಂದು ಮಿತಿ ಹಾಕುವ ತನ್ನ ಯೋಜನೆಯನ್ನು ಹಿಂತೆಗೆದುಕೊಂಡಿತು. ನೋಡಿದಿರಾ, ಅರ್ಜಿಗಳಿಂದಾಗದ ಕೆಲಸ ಗುಂಡಿನಿಂದಾಯಿತು ಎಂದು ಜನ ಆಡಿಕೊಂಡರು. ಆದರೆ ತಾರೀಖುಗಳನ್ನು ಲಕ್ಷ್ಯವಿಟ್ಟು ನೋಡಬೇಕು. ಆ ಮಿತಿಯ ವಿರುದ್ಧ ಅರಿವಳಿಕೆ ವೈದ್ಯರ ಸಂಘವು ನವೆಂಬರಿನಲ್ಲಿಯೇ ಬಹಿರಂಗವಾಗಿ ಪ್ರತಿಭಟಿಸಿತ್ತು. ಸರಕಾರದ ಅಧಿಕಾರಿಗಳೂ ಅದರ ವಿರುದ್ಧ ಮಾತನಾಡಿದ್ದರು. ಹೆಸರು ಹಾಕಿ ಬರೆದವರ ಆಕ್ಷೇಪವು ಅದಾಗಲೇ ಕಂಪನಿಯ ಬಾಗಿಲಲ್ಲಿ ನಿಂತಿತ್ತು. ಹೆದರಿಕೆಯೂ ಅದಕ್ಕೆ ಕೂಡಿತೆಂದೇ ಇಟ್ಟುಕೊಳ್ಳೋಣ. ಹೆದರಿದವನು ಮರುದಿನ ಮಾಡಿದ್ದೇನೆಂಬುದನ್ನೂ ಕೂಡ ನೋಡಬೇಕಷ್ಟೆ? ಅಮೇರಿಕದ ವಿಮಾ ಕಂಪನಿಗಳು ತಮ್ಮ ಮುಖ್ಯಾಧಿಕಾರಿಗಳ ಹೆಸರುಗಳನ್ನೂ ಭಾವಚಿತ್ರಗಳನ್ನೂ ಜಾಲತಾಣಗಳಿಂದ ಅಳಿಸಿದವು. ಅಂಗರಕ್ಷಕರ ಖರ್ಚನ್ನು ಏರಿಸಿದವು. ಇದುವರೆಗೆ ಜನರಿಗೆ ಕಾಣುತ್ತಿದ್ದ ನಾಲ್ಕು ಮುಖಗಳೂ ಇನ್ನು ಕಾಣದಂತಾದವು. ಯಾವ ಮುಖವಿಲ್ಲದಿರುವಿಕೆಯ ಮೇಲೆ ಸಿಟ್ಟು ಹುಟ್ಟಿತ್ತೋ, ಆ ಕೊಲೆಯಿಂದ ಅದೇ ಇಮ್ಮಡಿಯಾಯಿತು. ಅಂಗರಕ್ಷಕರ ಖರ್ಚೂ ಕೊನೆಗೆ ಪಾಲಿಸಿದಾರರ ಕಂತಿನಲ್ಲಿಯೇ ಸೇರತಕ್ಕದ್ದು.

ನಮ್ಮ ದೇಶದ ಚರಿತ್ರೆಯಲ್ಲಿಯೇ ಇದಕ್ಕೆ ಹತ್ತಿರದ ಒಂದು ದೃಷ್ಟಾಂತವಿದೆ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿದಾಗ, ರೋಗನಿವಾರಣೆಗೆಂದು ನೇಮಕವಾದ ಸಮಿತಿಗೆ ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಎಂಬ ಇಂಗ್ಲಿಷ್ ಅಧಿಕಾರಿಯು ಮುಖ್ಯನಾಗಿದ್ದನು. ಗೋರಾ ಸಿಪಾಯಿಗಳು ಮನೆಮನೆಗೆ ನುಗ್ಗಿದರು. ದೇವರಮನೆ, ಅಡಿಗೆಮನೆಗಳೆನ್ನದೆ ಶೋಧಿಸಿದರು. ಸಾಮಾನುಗಳನ್ನು ಬೀದಿಗೆಳೆದು ಸುಟ್ಟರು. ಆರೋಗ್ಯದ ಹೆಸರಿನಲ್ಲಿ ನಡೆದ ಈ ಜುಲುಮೆಯ ವಿರುದ್ಧ ಕೊಟ್ಟ ಅರ್ಜಿಗಳಿಗೆ ಬೆಲೆ ಬರಲಿಲ್ಲ. ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಸಮಾರಂಭದಿಂದ ಮರಳುತ್ತಿದ್ದ ರ‍್ಯಾಂಡನ ಮೇಲೆ ಚಾಪೇಕರ ಸಹೋದರರು ಗುಂಡು ಹಾರಿಸಿದರು; ಜೊತೆಯ ಗಾಡಿಯಲ್ಲಿದ್ದ ಆಯರ್ಸ್ಟ್ ಎಂಬ ಲೆಫ್ಟಿನೆಂಟನೂ ಸತ್ತನು. ಅಂದು ಮುಂಬಯಿ ಇಲಾಖೆಯ ಅನೇಕ ಮನೆಗಳಲ್ಲಿ ಮುಚ್ಚಿದ ಬಾಗಿಲುಗಳ ಹಿಂದೆ ಸಂತೋಷಪಟ್ಟವರಿದ್ದರು. ನಮ್ಮ ರಾಣೆಬೆನ್ನೂರೂ ಬ್ಯಾಡಗಿಯೂ ಧಾರವಾಡ ಜಿಲ್ಲೆಯೊಡನೆ ಆ ಇಲಾಖೆಗೇ ಸೇರಿದ್ದವೆಂಬುದನ್ನು ವಾಚಕರು ಬಲ್ಲರು.

ಸಂತೋಷದ ಬೆಲೆಯನ್ನು ಕಟ್ಟಿದವರು ಯಾರು? ಚಾಪೇಕರರು ಗಲ್ಲಿಗೇರಿದರು, ಅದನ್ನು ಅವರು ಬಲ್ಲವರೇ ಆಗಿದ್ದರು. ಪುಣೆಯ ಮೇಲೆ ದಂಡದ ಪೊಲೀಸು ಪಡೆಯನ್ನು ಹೇರಿ, ಅದರ ಖರ್ಚನ್ನು ಊರವರ ತಲೆಗೇ ಕಟ್ಟಲಾಯಿತು. ನಾತು ಸಹೋದರರನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟರು. ಕೊಲೆಗಿಂತ ಒಂದು ವಾರ ಮೊದಲೇ, ಜೂನ್ 15ರ ಕೇಸರಿಯಲ್ಲಿ ಅಚ್ಚಾಗಿದ್ದ ಲೇಖನಗಳಿಗಾಗಿ ಲೋಕಮಾನ್ಯ ಟಿಳಕರಿಗೆ ಹದಿನೆಂಟು ತಿಂಗಳ ಸಶ್ರಮ ಶಿಕ್ಷೆಯಾಯಿತು. ಮರುವರ್ಷ, 1898ರಲ್ಲಿ, ದಂಡಸಂಹಿತೆಯ 124-ಎ ಕಲಮನ್ನು ವಿಸ್ತರಿಸಿ, 153-ಎ ಎಂಬ ಹೊಸ ಕಲಮನ್ನು ಸೇರಿಸಿದರು. ಗುಂಡು ತಗುಲಿದುದು ಇಬ್ಬರಿಗೆ. ಬೀಗ ಬಿದ್ದುದು ಹೆಸರು ಹಾಕಿ ಬರೆಯುತ್ತಿದ್ದ, ಸಭೆ ಕೂಡಿಸುತ್ತಿದ್ದ, ಅರ್ಜಿ ಕೊಡುತ್ತಿದ್ದ ಎಲ್ಲರ ಬಾಯಿಗೆ. ಆ ಕಲಮುಗಳು ಸ್ವಾತಂತ್ರ್ಯಾನಂತರವೂ ನಮ್ಮ ಕಾನೂನಿನಲ್ಲಿ ಮುಕ್ಕಾಲು ಶತಮಾನ ಉಳಿದವು.

ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು ಗುಂಡಿಗೆ ಬಲಿಯಾದ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ಹೆಸರನ್ನು ಈ ಸಂದರ್ಭದಲ್ಲಿ ಎತ್ತುವವರು ಉಂಟು. ಅವರೂ ಸರಕಾರದ ಖಜಾನೆಗೆ ಕೈಹಾಕಲಿಲ್ಲವೆ ಎನ್ನುತ್ತಾರೆ. ಆ ಪುಣ್ಯಪುರುಷರು ಎದುರಿಸಿದುದು, ನಾವು ಆರಿಸದ, ನಾವು ಇಳಿಸಲಾರದ ಪರರಾಜ್ಯವನ್ನು. ದಾಂಡಿಯ ಯಾತ್ರೆಯಲ್ಲಿ ಗಾಂಧೀಜಿಯವರ ಹಿಂದೆ ನಡೆದವರು ಅವರು. ತಮ್ಮ ಹೆಸರನ್ನೂ ದೇಹವನ್ನೂ ಮುಂದಿಟ್ಟು ಹೋದವರು. ಸಂಜೆಗೆ ಗುಂಪಿನಲ್ಲಿ ಕರಗಿಹೋಗುವ ಬೆಂಕಿಗೆ ಆ ಹೆಸರನ್ನು ಹೊದಿಸುವುದು ಸಲ್ಲದು.

ಅಧಿಕಾರಿವರ್ಗದವರು ಇಷ್ಟನ್ನು ಓದಿ, ಪತ್ರಿಕೆಯು ನಮ್ಮ ಪಕ್ಷವನ್ನು ಹಿಡಿಯಿತೆಂದು ಸಮಾಧಾನಪಡಬಾರದು. 2008ರ ಜೂನ್ 10ರಂದು ಹಾವೇರಿಯಲ್ಲಿ ಬಿತ್ತುವ ಕಾಲಕ್ಕೆ ಗೊಬ್ಬರ ಕೊಡಿರೆಂದು ಬೀದಿಗೆ ಬಂದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು; ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಜೂನ್ ಬಂದಾಗಲೆಲ್ಲ ಈ ಜಿಲ್ಲೆ ಅವರನ್ನು ನೆನೆಯುತ್ತದೆ. ಪ್ರಶ್ನೆಗೆ ಹಿಂಸೆಯಿಂದ ಉತ್ತರ ಕೊಡುವ ರೂಢಿಯು ಯಾವ ಕಡೆಯಿಂದ ಮೊದಲಾಯಿತೆಂದು ಕೇಳಿದರೆ, ಸರಕಾರದ ಪಕ್ಷದವರು ತಲೆಯೆತ್ತಿ ಮಾತನಾಡುವ ಸ್ಥಿತಿಯಲ್ಲಿಲ್ಲ.

ಆದರೂ ಇದೇ ಜಿಲ್ಲೆಯ ಹೆಣ್ಣುಮಕ್ಕಳು ಬೇರೊಂದು ದಾರಿಯನ್ನು ತೋರಿಸಿದ್ದಾರೆ. 2025ರ ಜನವರಿಯಲ್ಲಿ, ಮೈಕ್ರೋ ಫೈನಾನ್ಸ್ ಸಂಸ್ಥೆಗಳ ವಸೂಲಿಗಾರರು ಹೊತ್ತಿಲ್ಲದ ಹೊತ್ತಿನಲ್ಲಿ ಮನೆಬಾಗಿಲಲ್ಲಿ ಬಂದು ಕೂಡುವ ಕಾಟವನ್ನು ತಾಳಲಾರದೆ, ಹಾವೇರಿ ಜಿಲ್ಲೆಯ ಸ್ತ್ರೀಯರು ತಮ್ಮ ಮಾಂಗಲ್ಯಗಳನ್ನು ಅಂಚೆಯಲ್ಲಿ ಮುಖ್ಯಮಂತ್ರಿಗಳಿಗೆ ಕಳುಹಿಸಿದರು. ವಸೂಲಿಗೆ ಬಂದ ಹುಡುಗನನ್ನು ಕಂಬಕ್ಕೆ ಕಟ್ಟಿ ಹೊಡೆಯುವುದು ಅವರಿಗೆ ಸುಲಭವಾಗಿತ್ತು. ಹಾಗೆ ಮಾಡಿದ್ದರೆ ಮರುದಿನದ ಸುದ್ದಿಯಲ್ಲಿ ಹುಡುಗನ ಗಾಯ ಇರುತ್ತಿತ್ತು, ಅವರ ಸಾಲದ ಮಾತು ಇರುತ್ತಿರಲಿಲ್ಲ. ಅವರು ತಮ್ಮ ಹೆಸರು ವಿಳಾಸಗಳೊಡನೆ, ಉತ್ತರ ಕೊಡಬೇಕಾದವರ ಹೆಸರಿಗೆ, ಕುತ್ತಿಗೆಯ ಕರಿಮಣಿಯನ್ನೇ ಬಿಚ್ಚಿ ಕಳುಹಿಸಿದರು. ರಾಜ್ಯದ ಇತರ ಜಿಲ್ಲೆಗಳಿಂದಲೂ ಕೂಗು ಎದ್ದಿತ್ತು. ಒಮ್ಮೆ ಮರಳಿ ಬಂದ ಸುಗ್ರೀವಾಜ್ಞೆಗೆ ಫೆಬ್ರವರಿ 12ರಂದು ರಾಜ್ಯಪಾಲರ ಅಂಕಿತ ಬಿದ್ದಿತು. ಬಲಾತ್ಕಾರದ ವಸೂಲಿಗೆ ಹತ್ತು ವರ್ಷಗಳವರೆಗೆ ಸೆರೆ, 5 ಲಕ್ಷ ರೂಪಾಯಿಗಳವರೆಗೆ ದಂಡವೆಂದು ಅದರಲ್ಲಿ ವಿಧಿಸಲಾಯಿತು. ಕಾಯದೆಯಾದ ಮಾತ್ರಕ್ಕೆ ಕಾಟ ನಿಂತಿತೆಂದು ನಾವು ಹೇಳುತ್ತಿಲ್ಲ. ಆದರೆ ಮುಖವಿಲ್ಲದವರಿಗೆ ಮುಖ ತೋರಿಸುವಂತೆ ಮಾಡಿದ ಕೆಲಸವದು, ಮತ್ತು ಅದಕ್ಕಾಗಿ ಯಾರ ಮನೆಯಲ್ಲಿಯೂ ಹೆಣ ಬೀಳಲಿಲ್ಲ.

ವಿಮೆಯ ವಿಷಯದಲ್ಲಿಯೂ ದಾರಿಗಳು ತೀರ ಮುಚ್ಚಿಲ್ಲ; ಬಲ್ಲವರು ಕಡಿಮೆ. 2024ರ ಮೇ 29ರಂದು ವಿಮಾ ಪ್ರಾಧಿಕಾರವು ಹೊರಡಿಸಿದ ಸುತ್ತೋಲೆಯ ಪ್ರಕಾರ, ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಕಂಪನಿಯು ಒಂದು ತಾಸಿನೊಳಗೆ ಉತ್ತರಿಸಬೇಕು. ರೋಗಿಯನ್ನು ಮನೆಗೆ ಕಳುಹಿಸುವಾಗಿನ ಕೊನೆಯ ಮಂಜೂರಾತಿಯು ಮೂರು ತಾಸುಗಳೊಳಗೆ ಬರಬೇಕು. ಪರಿಶೀಲನಾ ಸಮಿತಿಯೊಂದರ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ತಳ್ಳಿಹಾಕಕೂಡದು. ಕಂಪನಿಗೆ ಬರೆದು ಒಂದು ತಿಂಗಳಾದರೂ ನ್ಯಾಯ ದೊರೆಯದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷ ರೂಪಾಯಿಗಳವರೆಗಿನ ಪರಿಹಾರವನ್ನು ಅವರು ಕೊಡಿಸಬಲ್ಲರು. ಬಡಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಒದಗಿಸುವ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ, ತುರ್ತು ಪ್ರಸಂಗಗಳ ಹೊರತು ಖಾಸಗಿ ದವಾಖಾನೆಗೆ ಹೋಗಬೇಕಾದರೆ ಸರಕಾರಿ ದವಾಖಾನೆಯ ಶಿಫಾರಸು ಪತ್ರ ಬೇಕು. ಇದನ್ನರಿಯದೆ ನೇರವಾಗಿ ಹೋಗಿ, ಬಿಲ್ಲು ಕೈಗೆ ಬಂದಾಗ ಕಾರ್ಡು ತೋರಿಸಿ, ಆಮೇಲೆ ಮೋಸವೆಂದು ಶಪಿಸುವವರು ಬಹಳ. ಸಹಕಾರಿ ಸಂಘಗಳ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ತಿಂಗಳಿಗೆ 5 ರೂಪಾಯಿಯಂತೆ ರೈತರೇ ಕೂಡಿಸಿದ ಹಣದಿಂದ ಆರಂಭವಾಗಿ, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ನಡೆದಿದೆ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಹಕಾರವನ್ನು ಆರಂಭಿಸಿದ ಈ ಸೀಮೆಗೆ, ತನ್ನ ವಿಮೆಯನ್ನು ತಾನೇ ನಡೆಸಿಕೊಳ್ಳುವುದು ಅಪರಿಚಿತವಾದ ವಿದ್ಯೆಯಲ್ಲ.

ಇಷ್ಟೆಲ್ಲ ಇದ್ದೂ ಅದು ಮೇಡ್ಲೇರಿಯವರೆಗೆ ನಡೆದು ಬರುವುದಿಲ್ಲವೆಂಬುದೇ ನಮ್ಮ ದೂರು. ಲೋಕಪಾಲರಿರುವ ಬೆಂಗಳೂರು ಇಲ್ಲಿಂದ ಸುಮಾರು ಮುನ್ನೂರು ಕಿಲೋಮೀಟರು. ಆದುದರಿಂದ ಜಿಲ್ಲಾಧಿಕಾರಿಗಳಲ್ಲಿ ನಮ್ಮ ಕೋರಿಕೆ ಇದು. ಬ್ಯಾಡಗಿಯ ಮಾರುಕಟ್ಟೆಯು ಸೋಮವಾರ ಮತ್ತು ಗುರುವಾರ ಕೂಡುತ್ತದೆ. ರೈತನು ಹೇಗೂ ಅಂದು ಪೇಟೆಗೆ ಬಂದಿರುತ್ತಾನೆ. ಆ ಎರಡು ದಿನಗಳಲ್ಲಿ ಅಲ್ಲಿಯೂ, ವಾರಕ್ಕೊಂದು ದಿನ ರಾಣೆಬೆನ್ನೂರಿನ ತಾಲೂಕು ಕಚೇರಿಯಲ್ಲಿಯೂ, ಬೆಳೆವಿಮೆಯ ಕಂಪನಿಯ ಒಬ್ಬ ಜವಾಬ್ದಾರ ಮನುಷ್ಯನು ಕೃಷಿ ಇಲಾಖೆಯವರೊಡನೆ ಹೆಸರಿನ ಫಲಕ ಇಟ್ಟುಕೊಂಡು ಕುಳ್ಳಿರತಕ್ಕದ್ದು. ಪ್ರತಿ ಪಂಚಾಯತಿಯ ಬೆಳೆ ಕೊಯ್ಲಿನ ತೂಕವನ್ನೂ ಹಿಂದಿನ ವರ್ಷಗಳ ಸರಾಸರಿಯನ್ನೂ ಪಂಚಾಯತಿಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸತಕ್ಕದ್ದು. ಇಲ್ಲವೆಂದವರು ಏಕೆ ಇಲ್ಲವೆಂಬುದನ್ನು ಕನ್ನಡದಲ್ಲಿಯೇ ಬರೆದು, ಕೆಳಗೆ ತಮ್ಮ ಸಹಿ ತಾರೀಖುಗಳನ್ನು ಹಾಕಿ ಕೊಡತಕ್ಕದ್ದು. ಇದಕ್ಕೆ ಹೊಸ ಕಾಯದೆಯಾಗಲಿ ಹೆಚ್ಚಿನ ಹಣವಾಗಲಿ ಬೇಕಾಗಿಲ್ಲ; ಒಂದು ಮೇಜು, ಎರಡು ಕುರ್ಚಿ ಸಾಕು. ನಮ್ಮ ಸುಶಿಕ್ಷಿತ ವಾಚಕರಲ್ಲಿ ನಿವೃತ್ತರಾದವರು, ವಕೀಲರು, ಶಿಕ್ಷಕರು ಅಲ್ಲಿಗೆ ಹೋಗಿ, ಓದು ಬರಹ ಸಾಲದವರ ಅರ್ಜಿಗಳನ್ನು ಬರೆದುಕೊಡುವ ಕೆಲಸವನ್ನು ಕೈಗೊಳ್ಳಬಹುದು. ಮುಂಗಾರಿನ ಕಂತು ಕಟ್ಟುವ ಕಾಲಕ್ಕೆ ಮೊದಲೇ ಆ ಮೇಜು ಹಾಕಲ್ಪಡಬೇಕು.